ಐದು ಟಿಕೆಟ್‌ಗಳ ಲೆಕ್ಕ ಎಲ್ಲಿ ಹೋಯಿತು?

ನಮಸ್ಕಾರ.

‘ಬೊಚ್ಚಿ ದ ರಾಕ್!’ ಎಂಬ ಜಪಾನಿ ಅನಿಮೇಷನ್ ಸರಣಿ (ಅನಿಮೆ) ಕುರಿತು ನೀವು ಕಳಿಸಿದ ‘ಗೆಲುವಿನ ಹಾಡು’ ಲೇಖನವನ್ನು ಎರಡು ಸಲ ಓದಿದೆ. ಈಗಿರುವ ಹಾಗೆ ಹಾಕಲಾರೆ. ಸುಮ್ಮನೆ ವಾಪಸು ಕಳಿಸಲೂ ಮನಸ್ಸಿಲ್ಲ. ಅದಕ್ಕೆ ಕಾರಣ ನಾಲ್ಕನೇ ಪುಟದ ಒಂದೇ ಒಂದು ಸಾಲು. ಅಲ್ಲಿಗೆ ಬರುತ್ತೇನೆ, ಮೊದಲು ತಕರಾರುಗಳು.

‘ಸಂಗೀತವೆಂಬುದು ವಿಶ್ವಭಾಷೆ’ ಎಂದು ಶುರು ಮಾಡಿದ್ದೀರಿ. ಹೊಡೆದು ಹಾಕಿ. ‘ಅದ್ಭುತ’ ಹನ್ನೊಂದು ಕಡೆ ಇದೆ, ಪೆನ್ಸಿಲ್ ಹಿಡಿದು ಎಣಿಸಿದೆ. ಕಥೆಯ ಹುಡುಗಿಯರು ಕಟ್ಟಿದ ಕೆಸ್ಸೊಕು ಬ್ಯಾಂಡ್ ಎಂದರೆ ‘ಒಗ್ಗಟ್ಟಿನ ತಂಡ’ ಎಂದು ಬರೆದು ಮುಂದೆ ಹೋಗಿದ್ದೀರಿ. ತಪ್ಪಲ್ಲ, ಆದರೆ ತಮಾಷೆಯೇ ಹೋಯಿತು. ಜಪಾನಿನಲ್ಲಿ ಆ ಮಾತಿಗೆ ವೈರುಗಳನ್ನು ಬಿಗಿಯುವ ಪ್ಲಾಸ್ಟಿಕ್ ಕೇಬಲ್ ಟೈ ಎಂದೂ ಅರ್ಥ. ಆ ಹುಡುಗಿಯರು ಅದನ್ನೇ ಕೈಗೆ ಸುತ್ತಿಕೊಳ್ಳುವ ಬ್ಯಾಂಡಿನ ಸರಕು ಮಾಡಿ ಮಾರಲು ಹೊರಡುತ್ತಾರಲ್ಲ!

ದೊಡ್ಡ ತಪ್ಪು ಕೊನೆಯಲ್ಲಿದೆ. ಬ್ಯಾಂಡಿನ ಗಿಟಾರ್ ವಾದಕಿ, ಕಥಾನಾಯಕಿ ‘ಹಿಟೊರಿ ತಾರೆಯಾಗಿ ಮಿಂಚುತ್ತಾಳೆ’ ಅಂದಿದ್ದೀರಿ. ಎಲ್ಲಿ ಮಿಂಚಿದಳು? 2022ರಲ್ಲಿ ಬಂದ ಹನ್ನೆರಡೂ ಕಂತುಗಳಲ್ಲಿ ಅಂಥದ್ದೇನೂ ಇಲ್ಲ. ಶಾಲೆಯ ಉತ್ಸವದಲ್ಲಿ ಅಪ್ಪನ ಹಳೆಯ ಗಿಟಾರ್ ಕೈಕೊಡುತ್ತದೆ, ತಂತಿ ಕಿತ್ತುಬರುತ್ತದೆ. ಪಕ್ಕದಲ್ಲಿ ಬಿದ್ದಿದ್ದ ಸಾಕೆಯ (ಜಪಾನಿ ಮದ್ಯ) ಗಾಜಿನ ಲೋಟವನ್ನು ತಂತಿಯ ಮೇಲೆ ಜಾರಿಸಿ ಸೋಲೋ ಮುಗಿಸುತ್ತಾಳೆ. ಆಮೇಲೆ ಹೊಸ ಗಿಟಾರ್ ಕೊಳ್ಳುತ್ತಾಳೆ. ಕಟ್ಟಕಡೆಯ ಮಾತು ‘ಇವತ್ತೂ ಕೆಲಸಕ್ಕೆ ಹೋಗಬೇಕಾ’ ಎಂಬರ್ಥದ ಗೊಣಗಾಟ. ನೀವು ನೋಡಬೇಕೆಂದುಕೊಂಡ ಮುಕ್ತಾಯವನ್ನು ಬರೆದಿದ್ದೀರಿ, ನೋಡಿದ್ದನ್ನಲ್ಲ.

ಈಗ ಆ ಸಾಲು: ‘ಐದು ಟಿಕೆಟ್ ಮಾರಲು ಅವಳು ಪಡುವ ಪಾಡು ನೋಡಿ ನಗುತ್ತಿದ್ದವಳು ಒಮ್ಮೆಲೇ ಸುಮ್ಮನಾದೆ.’ ಯಾಕೆ ಸುಮ್ಮನಾದಿರಿ? ಅದನ್ನು ಬರೆಯದೆ ಮುಂದಿನ ಸಾಲಲ್ಲೇ ‘ಪರಿಶ್ರಮಕ್ಕೆ ತಕ್ಕ ಫಲ’ ಎಂದು ಓಡಿಬಿಟ್ಟಿದ್ದೀರಿ.

ಟೋಕಿಯೊದ ಶಿಮೊಕಿತಾಜಾವಾದಂಥ ಕಡೆಗಳಲ್ಲಿ ಬ್ಯಾಂಡುಗಳು ನುಡಿಸುವ ಪುಟ್ಟ ಸಂಗೀತ ಮಂದಿರಗಳಿವೆ, ಅವಕ್ಕೆ ಲೈವ್ ಹೌಸ್ ಎನ್ನುತ್ತಾರೆ. ಹೊಸ ಬ್ಯಾಂಡಿಗೆ ಅಲ್ಲಿ ಹಲವು ಕಡೆ ‘ನೊರುಮಾ’ ಇರುತ್ತದೆ, ಎಂದರೆ ಇಷ್ಟು ಟಿಕೆಟ್ ನೀವೇ ಮಾರಬೇಕು, ಉಳಿದರೆ ದುಡ್ಡು ನಿಮ್ಮ ಜೇಬಿಂದ. ವೇದಿಕೆ ಹತ್ತಿದವರೇ ಕಾಸು ಕಕ್ಕುವ ವ್ಯವಸ್ಥೆ. ಆ ಪದ ರಷ್ಯನ್ ಭಾಷೆಯದು. ಎರಡನೇ ಮಹಾಯುದ್ಧ ಮುಗಿದ ಮೇಲೆ ಸೈಬೀರಿಯಾದ ಸೆರೆಶಿಬಿರಗಳಲ್ಲಿ ದಿನಕ್ಕಿಷ್ಟು ಎಂದು ದುಡಿದ ಜಪಾನಿ ಸೈನಿಕರ ಜೊತೆ ಊರಿಗೆ ಬಂತು. ಬ್ಯಾಂಡಿನ ಹುಡುಗಿಯರು ತಾವು ನುಡಿಸುವ ಲೈವ್ ಹೌಸಿನಲ್ಲೇ ಪಾನೀಯ ಕೊಡುವ ಕೆಲಸಕ್ಕೆ ಸೇರುವುದೂ ಇದೇ ಖರ್ಚಿಗೆ. ನಿಮ್ಮ ಲೇಖನದಲ್ಲಿ ಇದೊಂದೂ ಇಲ್ಲ.

ಆರನೇ ಕಂತನ್ನು ಇನ್ನೊಮ್ಮೆ ನೋಡಿ. ಹಿಟೊರಿ ಮಾರಬೇಕಾದ ಐದು ಟಿಕೆಟ್‌ನಲ್ಲಿ ಅಪ್ಪ, ಅಮ್ಮ, ಎರಡಾಯಿತು. ತಂಗಿ ಚಿಕ್ಕವಳು. ಮಿಕ್ಕ ಮೂರು? ಅಪರಿಚಿತರ ಮುಖ ನೋಡಲೂ ನಡುಗುವ ಹುಡುಗಿ ಅವಳು. ಕುಡಿದು ಬಿದ್ದಿದ್ದ ಬೇಸ್ ವಾದಕಿ ಹಿರೊಯಿ ಎಳೆದು ಬೀದಿಯಲ್ಲಿ ನಿಲ್ಲಿಸುತ್ತಾಳೆ. ಹಿಟೊರಿ ಕಣ್ಣು ಮುಚ್ಚಿ ನುಡಿಸುತ್ತಾಳೆ, ನಡುವೆ ಒಂದೇ ಕಣ್ಣು ತೆರೆಯುತ್ತಾಳೆ. ನಿಂತು ಕೇಳಿದ ಇಬ್ಬರು ಯುವತಿಯರು ಎರಡು ಟಿಕೆಟ್ ಕೊಳ್ಳುತ್ತಾರೆ, ಹಿರೊಯಿ ಒಂದು. ನಿಮ್ಮ ಲೇಖನ ಆ ಒಂದು ಕಣ್ಣಿನಿಂದ ಶುರುವಾಗಲಿ.

(ಕಾಲೇಜಿನಲ್ಲಿ ನಾನೂ ನಾಟಕದ ಟಿಕೆಟ್ ಪುಸ್ತಕ ಹಿಡಿದು ಚಿಕ್ಕಪ್ಪನ ಮನೆ ಬಾಗಿಲಲ್ಲಿ ನಿಂತವನು. ಅವರು ಎರಡು ತೆಗೆದುಕೊಂಡರು, ನಾಟಕಕ್ಕೆ ಮಾತ್ರ ಬರಲಿಲ್ಲ. ನಿಮಗೂ ಅಂಥದ್ದೇನಾದರೂ ಇದ್ದರೆ ಎರಡು ಸಾಲು ಬರೆಯಿರಿ, ಇಲ್ಲದಿದ್ದರೆ ಹುಟ್ಟಿಸಬೇಡಿ.)

ಕಥಾಸಾರ ಆರೇಳು ಸಾಲಿಗೆ ಇಳಿಯಲಿ. ಮೂಲ ಮಾಂಗಾ (ಜಪಾನಿ ಕಾಮಿಕ್ಸ್) ಅಕಿ ಹಮಾಜಿಯವರದು, ಆ ಹೆಸರನ್ನೇ ಬಿಟ್ಟಿದ್ದೀರಿ, ಸೇರಿಸಿ. ರಿಯಾಲಿಟಿ ಶೋ ಜೊತೆಗಿನ ಹೋಲಿಕೆ ಪೂರ್ತಿ ಬೇಡ. ಮುಂದಿನ ತಿಂಗಳ 10ರೊಳಗೆ ಬಂದರೆ ಸಂಚಿಕೆಯಲ್ಲಿ ಎರಡು ಪುಟ ಖಾಲಿ ಇಟ್ಟಿರುತ್ತೇನೆ.