ಜೇಬಿಗೆ ಹಗುರ, ಕೈಗೆ ಭಾರ

ಓದುಗರೊಬ್ಬರ ಪತ್ರದ ಮುಖ್ಯ ಭಾಗ: "ನನ್ನ ಹತ್ತಿರ ಪರವಾನಗಿ ಇರುವ, ನಾಲ್ಕು ಅಂಗುಲ ನಳಿಗೆಯ ಉಕ್ಕಿನ ರಿವಾಲ್ವರ್ ಇದೆ. ಸೊಂಟಕ್ಕೆ ಕಟ್ಟಿಕೊಂಡರೆ ಸಂಜೆಯ ಹೊತ್ತಿಗೆ ಬೆನ್ನು ಹಿಡಿದುಕೊಳ್ಳುತ್ತದೆ. ಹಾಗಾಗಿ ಅದು ಬಹುಪಾಲು ಬೀರುವಿನಲ್ಲೇ ಇರುತ್ತದೆ. ಈಚೆಗೆ ಗೆಳೆಯರೊಬ್ಬರ ಐದು ಗುಂಡಿನ ಪುಟ್ಟ ರಿವಾಲ್ವರನ್ನು ಹಿಡಿದು ನೋಡಿದೆ. ಜೇಬಿನಲ್ಲಿದ್ದರೂ ಗೊತ್ತಾಗದಷ್ಟು ಹಗುರ. ಹಳೆಯದನ್ನು ಮಾರಿ, ಸಿಗುವುದರಲ್ಲೇ ಅತಿ ಹಗುರವಾದದ್ದನ್ನು ಕೊಳ್ಳೋಣ ಅಂದುಕೊಂಡಿದ್ದೇನೆ. ನನಗೆ ಅರವತ್ತು ದಾಟಿದೆ, ಬೆರಳ ಗಂಟುಗಳಲ್ಲಿ ಸ್ವಲ್ಪ ನೋವಿದೆ. ಅಗತ್ಯ ಬಿದ್ದರೆ ನನ್ನ ಮನೆಯವರಿಗೂ ಬಳಸಲು ಬರಬೇಕು. ನಿಮ್ಮ ಸಲಹೆ ಏನು?"

ಮಾನ್ಯರೇ,

ನೀವು ಆ ರಿವಾಲ್ವರನ್ನು ಹಿಡಿದು ನೋಡಿದ್ದೀರಿ, ಹಾರಿಸಿ ನೋಡಿಲ್ಲ. ಕೊಳ್ಳುವ ಮೊದಲು ಹಾರಿಸಿ ನೋಡಿ, ಅದೂ ಒಂದೆರಡು ಗುಂಡಲ್ಲ, ಇಪ್ಪತ್ತೈದು ಗುಂಡು. ಅಂಗಡಿಯ ಮೇಜಿನ ಮೇಲೆ ಇವು ಎಲ್ಲರ ಮನಸ್ಸನ್ನೂ ಗೆಲ್ಲುತ್ತವೆ. ಗುಂಡು ಹಾರಿಸುವ ರೇಂಜಿನಲ್ಲಿ, ಸಿಲಿಂಡರನ್ನು (ತೋಟಾ ತುಂಬುವ, ತಿರುಗುವ ಉರುಳೆಯನ್ನು) ಎರಡನೇ ಸಲ ತುಂಬಿ ಮುಗಿಸುವ ಹೊತ್ತಿಗೆ ಕೈ ಬೇರೆಯೇ ಮಾತಾಡುತ್ತದೆ. ಈ ರಿವಾಲ್ವರುಗಳ ತೂಕ ಇಳಿಸಿರುವುದು ಹೊರುವವರ ಅನುಕೂಲಕ್ಕೆ, ಹಾರಿಸುವವರ ಅನುಕೂಲಕ್ಕಲ್ಲ. ಇದೊಂದನ್ನು ಮನಸ್ಸಿನಲ್ಲಿಟ್ಟುಕೊಂಡರೆ ನಿಮ್ಮ ಉಳಿದ ಪ್ರಶ್ನೆಗಳಿಗೆ ಉತ್ತರ ಹೇಳುವುದು ಸುಲಭ.

ಲೋಹದ ವಿಷಯದಿಂದಲೇ ಶುರುಮಾಡುತ್ತೇನೆ, ಯಾಕೆಂದರೆ "ಹಗುರ" ಎಂಬುದರಲ್ಲೂ ತರತಮ ಇದೆ. ನೀವು ಹೇಳುವ ಐದು ಗುಂಡಿನ, ಪುಟ್ಟ ಫ್ರೇಮಿನ (ಅಂದರೆ ಗನ್ನಿನ ಮೈಕಟ್ಟಿನ) ಮಾದರಿ ಜನಪ್ರಿಯವಾದದ್ದು 1950ರಲ್ಲಿ, ಸ್ಮಿತ್ ಅಂಡ್ ವೆಸನ್ ತನ್ನ ಚೀಫ್ಸ್ ಸ್ಪೆಷಲ್ ತಂದಾಗ. ಅದು ಪೂರ್ತಿ ಉಕ್ಕಿನದು, ತೂಕ ಸುಮಾರು 550 ಗ್ರಾಂ. ಅದೇ ಹೊತ್ತಿಗೆ ಕೋಲ್ಟ್ ಕಂಪನಿ ಅಲ್ಯೂಮಿನಿಯಂ ಮಿಶ್ರಲೋಹದ ಫ್ರೇಮಿನ ಕೋಬ್ರಾ ತಂದಿತು. ಸ್ಮಿತ್ ಅಂಡ್ ವೆಸನ್‌ನ ಏರ್‌ವೇಟ್ ಅದರ ಬೆನ್ನಿಗೇ ಬಂತು. ಆಗ ಅಮೆರಿಕದ ವಾಯುಪಡೆ ತನ್ನ ವಿಮಾನ ಸಿಬ್ಬಂದಿಗೆ ಇನ್ನೂ ಹಗುರವಾದದ್ದು ಬೇಕೆಂದು ಫ್ರೇಮಿನ ಜೊತೆಗೆ ಸಿಲಿಂಡರನ್ನೂ ಅಲ್ಯೂಮಿನಿಯಂನಲ್ಲಿ ಮಾಡಿಸಿತು. ಆ ಸಿಲಿಂಡರುಗಳು ತೋಟಾದ ಒತ್ತಡಕ್ಕೆ ತಡೆಯಲಿಲ್ಲ. ಕೊನೆಗೆ ಆ ರಿವಾಲ್ವರುಗಳನ್ನು ವಾಪಸ್ ಪಡೆದು ಬಹುಪಾಲನ್ನು ನಾಶ ಮಾಡಬೇಕಾಯಿತು. ಮದ್ದು ಉರಿಯುವುದು ಸಿಲಿಂಡರಿನೊಳಗೆ. ಅಲ್ಲಿ ಲೋಹವನ್ನು ಬೇಕಾಬಿಟ್ಟಿ ಹಗುರ ಮಾಡಲು ಬರುವುದಿಲ್ಲ. ಮುಂದೆ ಟೈಟಾನಿಯಂ ಸಿಲಿಂಡರು, ಸ್ಕ್ಯಾಂಡಿಯಂ ಬೆರೆಸಿದ ಅಲ್ಯೂಮಿನಿಯಂ ಫ್ರೇಮು ಬಂದ ಮೇಲೆಯೇ ತೂಕ ಮತ್ತೆ ಇಳಿದದ್ದು. 2009ರಲ್ಲಿ ರೂಗರ್ ಕಂಪನಿಯ ಎಲ್‌ಸಿಆರ್ ಬಂತು, ಅದರ ಹಿಂಭಾಗ ಗಟ್ಟಿ ಪ್ಲಾಸ್ಟಿಕ್ಕಿನದು. ಇವತ್ತಿನ ಲೆಕ್ಕದಲ್ಲಿ, ಅಲ್ಯೂಮಿನಿಯಂ ಫ್ರೇಮು, ಉಕ್ಕಿನ ಸಿಲಿಂಡರು ಇರುವುದು ಸುಮಾರು 425 ಗ್ರಾಂ ತೂಗುತ್ತದೆ. ಸ್ಕ್ಯಾಂಡಿಯಂ, ಟೈಟಾನಿಯಂ ಜೋಡಿಯದು 340 ಗ್ರಾಂ ಆಸುಪಾಸು. ನಿಮ್ಮ ಬೀರುವಿನಲ್ಲಿರುವ ಉಕ್ಕಿನದು ಕಿಲೋಗೆ ಹತ್ತಿರ ಇರಬೇಕು.

ಈಗ ಒದೆತದ ಲೆಕ್ಕ ನೋಡಿ. ಒಂದೇ ತೋಟಾ ಎರಡೂ ರಿವಾಲ್ವರುಗಳಲ್ಲಿ ಹಾರಿದಾಗ ಗುಂಡು ಮುಂದಕ್ಕೆ ಎಷ್ಟು ತಳ್ಳಿಕೊಂಡು ಹೋಗುತ್ತದೋ ರಿವಾಲ್ವರಿಗೆ ಅಷ್ಟೇ ತಳ್ಳು ಹಿಂದಕ್ಕೆ ಬೀಳುತ್ತದೆ. ಅದೇ ತಳ್ಳಿಗೆ ತೂಕದ ಗನ್ನು ನಿಧಾನವಾಗಿ ಹಿಂದೆ ಬರುತ್ತದೆ, ಹಗುರವಾದದ್ದು ರಭಸದಿಂದ ಬರುತ್ತದೆ. ಗನ್ನಿನ ತೂಕ ಅರ್ಧಕ್ಕಿಳಿದರೆ ಒದೆತದ ಶಕ್ತಿ ಇಮ್ಮಡಿ, ಮೂರರಲ್ಲೊಂದಕ್ಕಿಳಿದರೆ ಮುಮ್ಮಡಿ. ಅಂದರೆ ನೀವು ಆಸೆಪಟ್ಟ ಅತಿ ಹಗುರದ ಮಾದರಿ ಇಂಥ ರಿವಾಲ್ವರುಗಳ ಸಾಮಾನ್ಯ ತೋಟಾವಾದ .38 ಸ್ಪೆಷಲ್‌ನಲ್ಲೇ ಈಗಿನದಕ್ಕಿಂತ ಮೂರು ಪಟ್ಟು ಒದೆಯುತ್ತದೆ. ಅದರ ಹಿಡಿಯೂ ಚಿಕ್ಕದು, ಕಿರುಬೆರಳಿಗೆ ಜಾಗವೇ ಇರುವುದಿಲ್ಲ. ಹಾಗಾಗಿ ಆ ಏಟೆಲ್ಲ ಹೆಬ್ಬೆರಳ ಬುಡದ ಅಂಗೈಯಷ್ಟರ ಮೇಲೇ ಬೀಳುತ್ತದೆ. ಇಂಥ ಮಾದರಿಗಳಲ್ಲಿ ಕೆಲವು, ಅದಕ್ಕಿಂತ ಬಹಳ ಬಲವಾದ .357 ಮ್ಯಾಗ್ನಮ್ ತೋಟಾವನ್ನೂ ತೆಗೆದುಕೊಳ್ಳುತ್ತವೆ. ದಯವಿಟ್ಟು ಆ ಆಸೆ ಬೇಡ. ಗಟ್ಟಿ ಕೈಯ ಅನುಭವಿಗಳೇ ಐದು ಹಾರಿಸಿ ಕೆಳಗಿಡುತ್ತಾರೆ. ಗಂಟುನೋವಿರುವ ಕೈಗೆ ಅದು ಶಿಕ್ಷೆ.

ನೋವನ್ನು ತಡೆದುಕೊಳ್ಳುತ್ತೇನೆ ಎನ್ನುವವರಿಗೂ ಇನ್ನೊಂದು ತೊಡಕಿದೆ, ಇದನ್ನು ನಾನು ರೇಂಜಿನಲ್ಲಿ ಕಣ್ಣಾರೆ ಕಂಡಿದ್ದೇನೆ. ಸ್ಕ್ಯಾಂಡಿಯಂ ರಿವಾಲ್ವರೊಂದು ಮೂರು ಗುಂಡು ಹಾರಿಸಿ ನಾಲ್ಕನೆಯದಕ್ಕೆ ಸಿಲಿಂಡರ್ ತಿರುಗದೆ ನಿಂತಿತು. ಟ್ರಿಗರ್ ಅಲುಗಾಡಲಿಲ್ಲ. ಸಿಲಿಂಡರನ್ನು ಹೊರಕ್ಕೆ ಮಗುಚಲು ನೋಡಿದರೆ ಅದೂ ಬರಲೊಲ್ಲದು. ಬಗ್ಗಿ ನೋಡಿದಾಗ, ಹಾರದೆ ಉಳಿದಿದ್ದ ತೋಟಾವೊಂದರ ಸೀಸದ ಮೂತಿ ಸಿಲಿಂಡರಿನ ಮುಂದಕ್ಕೆ ಒಂದು ಕೂದಲೆಳೆಯಷ್ಟು ಹೊರಬಂದು ಫ್ರೇಮಿಗೆ ತಾಗಿ ಕೂತಿತ್ತು. ಗನ್ನು ರಭಸದಿಂದ ಹಿಂದಕ್ಕೆ ಜಿಗಿಯುವಾಗ ಉಳಿದ ತೋಟಾಗಳ ಕೇಸುಗಳನ್ನೂ (ಮದ್ದು ತುಂಬಿದ ಲೋಹದ ಕೊಳವೆಗಳನ್ನು) ಎಳೆದುಕೊಂಡು ಹೋಗುತ್ತದೆ. ಆದರೆ ಕೇಸಿನ ಬಾಯಲ್ಲಿ ಕೂತ ಗುಂಡು ಇದ್ದಲ್ಲೇ ಇರಲು ನೋಡುತ್ತದೆ. ಕೇಸಿನ ಬಾಯಿ ಬಿಗಿಯಾಗಿ ಮಡಚಿರದಿದ್ದರೆ ಒಂದೊಂದು ಏಟಿಗೂ ಗುಂಡು ಸ್ವಲ್ಪ ಸ್ವಲ್ಪ ಮುಂದೆ ಸರಿಯುತ್ತದೆ. ಉಕ್ಕಿನ ರಿವಾಲ್ವರಿನಲ್ಲಿ ಅದೇ ತೋಟಾ ಪೆಟ್ಟಿಗೆಗಟ್ಟಲೆ ಸಲೀಸಾಗಿ ಹಾರಿದರೂ ಹಗುರದ್ದರಲ್ಲಿ ಹಾರೀತು ಎನ್ನಲು ಬರುವುದಿಲ್ಲ. ಪರೀಕ್ಷಿಸುವ ರೀತಿ ಸುಲಭ: ಐದು ತುಂಬಿ, ನಾಲ್ಕು ಹಾರಿಸಿ, ಐದನೆಯದನ್ನು ಹೊರತೆಗೆದು ಹೊಸ ತೋಟಾದ ಪಕ್ಕದಲ್ಲಿ ನಿಲ್ಲಿಸಿ ನೋಡಿ. ಎತ್ತರ ಹೆಚ್ಚಿದ್ದರೆ ಆ ತೋಟಾ ನಿಮ್ಮ ಗನ್ನಿಗಲ್ಲ. ಟೈಟಾನಿಯಂ ಸಿಲಿಂಡರಿನ .357 ಮಾದರಿಯೊಂದರ ನಳಿಗೆಯ ಮೇಲೆ, 120 ಗ್ರೇನಿಗಿಂತ (ಗ್ರೇನ್ ಎಂದರೆ ಗುಂಡಿನ ತೂಕದ ಅಳತೆ) ಹಗುರದ ಗುಂಡು ಹಾಕಬಾರದು ಎಂದು ತಯಾರಕರೇ ಕೆತ್ತಿರುತ್ತಾರೆ. ಇಂಥ ಬರಹವನ್ನು ಓದದೆ ತೋಟಾ ಕೊಳ್ಳಬೇಡಿ.

ಟ್ರಿಗರಿನ ವಿಷಯಕ್ಕೆ ಬರುತ್ತೇನೆ, ನಿಮ್ಮ ಮಟ್ಟಿಗೆ ಇದು ಒದೆತಕ್ಕಿಂತ ಮುಖ್ಯವಾದೀತು. ತೋಟಾಕ್ಕೆ ಬಡಿಯುವ ಸುತ್ತಿಗೆಯಂಥ ಹ್ಯಾಮರನ್ನು ಕೈಯಿಂದ ಎತ್ತದೆ ಹಾರಿಸುವಾಗ ಈ ಪುಟ್ಟ ರಿವಾಲ್ವರುಗಳ ಟ್ರಿಗರಿಗೆ ಐದು ಐದೂವರೆ ಕಿಲೋದಷ್ಟು ಎಳೆತ ಬೇಕು. ನಾಲ್ಕುನೂರು ಚಿಲ್ಲರೆ ಗ್ರಾಂ ತೂಗುವ ವಸ್ತುವಿನ ಮೇಲೆ ಅದರ ತೂಕದ ಹನ್ನೆರಡು ಪಟ್ಟು ಬಲ ಹಾಕುತ್ತಾ ಅದನ್ನು ಅಲುಗಾಡದಂತೆ ಹಿಡಿಯಬೇಕು. ನಳಿಗೆಯಂತೂ ಎರಡು ಅಂಗುಲವೂ ಇರುವುದಿಲ್ಲ. ಗುರಿ ನೋಡುವ ಮುಂದಿನ ಸೈಟಿಗೂ ಹಿಂದಿನ ಗೀರಿಗೂ ನಡುವಿನ ಅಂತರ ಅಷ್ಟು ಕಡಿಮೆ ಇರುವಾಗ ಕೈ ತುಸು ನಡುಗಿದರೂ ಗುಂಡು ಗುರಿಯಿಂದ ಅಷ್ಟು ದೂರ ಹೋಗುತ್ತದೆ. ಈ ರಿವಾಲ್ವರುಗಳ ನಳಿಗೆಯಲ್ಲಿ ದೋಷವಿಲ್ಲ, ಯಂತ್ರಕ್ಕೆ ಬಿಗಿದು ಹಾರಿಸಿದರೆ ನಿಖರವಾಗಿಯೇ ಹೊಡೆಯುತ್ತವೆ. ಕಷ್ಟವಿರುವುದು ಕೈಯಲ್ಲಿ ಹಿಡಿದಾಗ. ಬೆರಳು ನೋಯುತ್ತದೆಂದು ಒಳಗಿನ ಸ್ಪ್ರಿಂಗನ್ನು ಕತ್ತರಿಸಿ ಸಡಿಲ ಮಾಡಿಸುವವರಿದ್ದಾರೆ. ಹಾಗೆ ಮಾಡಿದರೆ ಹ್ಯಾಮರಿನ ಏಟು ಮೆತ್ತಗಾಗಿ ಬೇಕಾದಾಗಲೇ ತೋಟಾ ಹಾರದೆ ಉಳಿಯುತ್ತದೆ. ನಿಮ್ಮ ಬೆರಳಿಗೆ ಒಗ್ಗದ ಟ್ರಿಗರ್ ಇರುವ ರಿವಾಲ್ವರ್ ಬೇಡ, ಅಷ್ಟೆ.

ಇಷ್ಟೆಲ್ಲ ಹೇಳಿದ ಮೇಲೂ, ಕೊಳ್ಳಲೇಬೇಡಿ ಎನ್ನುವುದು ನನ್ನ ಅಭಿಪ್ರಾಯವಲ್ಲ. ಬೀರುವಿನಲ್ಲಿ ಉಳಿದ ಕಿಲೋ ತೂಕದ ಗನ್ನಿಗಿಂತ ಜೊತೆಯಲ್ಲಿರುವ ಪುಟ್ಟ ಗನ್ನು ಉಪಯೋಗಕ್ಕೆ ಬರುತ್ತದೆ ಎಂಬ ನಿಮ್ಮ ಮಾತು ಸರಿಯಾಗಿದೆ. ನಿಮ್ಮ ಜಾಗದಲ್ಲಿ ನಾನಿದ್ದರೆ ಅಲ್ಯೂಮಿನಿಯಂ ಫ್ರೇಮು, ಉಕ್ಕಿನ ಸಿಲಿಂಡರಿನ .38 ಸ್ಪೆಷಲ್ ತೆಗೆದುಕೊಳ್ಳುತ್ತಿದ್ದೆ. 340 ಗ್ರಾಮಿಗೂ 425 ಗ್ರಾಮಿಗೂ ಇರುವ ವ್ಯತ್ಯಾಸ ಜೇಬಿಗೆ ಅಷ್ಟಾಗಿ ತಿಳಿಯದು, ಅಂಗೈಗೆ ಚೆನ್ನಾಗಿಯೇ ತಿಳಿಯುತ್ತದೆ. ಹ್ಯಾಮರ್ ಫ್ರೇಮಿನೊಳಗೇ ಅಡಗಿರುವ ಮಾದರಿಯಾದರೆ ಇನ್ನೂ ಒಳ್ಳೆಯದು, ತೆಗೆಯುವಾಗ ಬಟ್ಟೆಗೆ ಸಿಕ್ಕುವುದಿಲ್ಲ. ಹಿಡಿಗೆ ಹಿಂಬದಿಯ ಲೋಹವನ್ನೂ ಮುಚ್ಚುವಂಥ ರಬ್ಬರ್ ಹಾಕಿಸಿ. ತೋಟಾದಲ್ಲಿ 148 ಗ್ರೇನಿನ ವಾಡ್‌ಕಟರ್ ಎಂಬುದಿದೆ, ಮೂತಿ ಚಪ್ಪಟೆಯಾಗಿರುವ ನಿಧಾನದ ಗುಂಡು. ಗುರಿ ಅಭ್ಯಾಸಕ್ಕೆಂದು ಮಾಡಿದ್ದು, ಒದೆತ ಕಡಿಮೆ. ನಿಮ್ಮಂಥವರು ಅಭ್ಯಾಸಕ್ಕೂ ಜೊತೆಯಲ್ಲಿಟ್ಟುಕೊಳ್ಳಲಿಕ್ಕೂ ಅದನ್ನೇ ಬಳಸಿದರೆ ತಪ್ಪಿಲ್ಲ. ತೋಟಾ ಬದಲಾಯಿಸಿದಾಗಲೆಲ್ಲ ಮತ್ತೆ ಗುರಿ ನೋಡಿಕೊಳ್ಳಿ. ರಿವಾಲ್ವರಿನಲ್ಲಿ ಸಾಮಾನ್ಯವಾಗಿ ಭಾರದ ನಿಧಾನದ ಗುಂಡು ಮೇಲೆ ಬೀಳುತ್ತದೆ, ಹಗುರದ ವೇಗದ ಗುಂಡು ಕೆಳಗೆ ಬೀಳುತ್ತದೆ. ಇವುಗಳ ಸೈಟನ್ನು ತಿರುಗಿಸಿ ಹೊಂದಿಸಲು ಆಗುವುದಿಲ್ಲ.

ಬಳಸಿದ ಹಳೆಯ ಅಲ್ಯೂಮಿನಿಯಂ ರಿವಾಲ್ವರ್ ಕಡಿಮೆ ಬೆಲೆಗೆ ಸಿಕ್ಕಿತೆಂದು ಕೊಳ್ಳುವುದಾದರೆ ಸಿಲಿಂಡರನ್ನು ಹೊರಕ್ಕೆ ಮಗುಚಿ, ನಳಿಗೆ ಫ್ರೇಮಿಗೆ ತಿರುಪಿ ಕೂತಿರುವ ಜಾಗದ ಕೆಳಭಾಗವನ್ನು ಬೆಳಕಿಗೆ ಹಿಡಿದು ನೋಡಿ. ಫ್ರೇಮು ಅಲ್ಲಿ ತೀರ ತೆಳು, ಕೂದಲಿನಂಥ ಬಿರುಕು ಬಿಡುವುದು ಅಲ್ಲೇ. ಹೆಚ್ಚು ಒತ್ತಡದ ಪ್ಲಸ್ ಪಿ ತೋಟಾಗಳು ಅಂಥ ಹಳೆಯ ಫ್ರೇಮುಗಳಿಗೆ ಬೇಡವೇ ಬೇಡ. ಕೆಳಗೆ ಬಿದ್ದಾಗ ಹಾರದಂತೆ ತಡೆಯುವ ಒಳಗಿನ ತಡೆಪಟ್ಟಿಯ ಬಗ್ಗೆಯೂ ವಿಚಾರಿಸಿ. ಸ್ಮಿತ್ ಅಂಡ್ ವೆಸನ್ ತನ್ನ ತಡೆಪಟ್ಟಿಯನ್ನು ಈಗಿನ ರೂಪಕ್ಕೆ ತಂದದ್ದು ಎರಡನೇ ಮಹಾಯುದ್ಧದ ಕೊನೆಯಲ್ಲಿ, ಹಡಗೊಂದರಲ್ಲಿ ಕೈಜಾರಿ ಬಿದ್ದ ರಿವಾಲ್ವರ್ ಹಾರಿ ನಾವಿಕನೊಬ್ಬ ಸತ್ತ ಮೇಲೆ.

ಜೇಬಿನಲ್ಲಿಟ್ಟುಕೊಳ್ಳುತ್ತೇನೆ ಎಂದಿದ್ದೀರಿ. ಬರೀ ಜೇಬಿಗೆ ಹಾಕಬೇಡಿ. ಟ್ರಿಗರ್ ಪೂರ್ತಿ ಮುಚ್ಚುವ ಜೇಬಿನ ಹೋಲ್‌ಸ್ಟರ್ ಬೇಕು, ಆ ಜೇಬಿನಲ್ಲಿ ಬೀಗದ ಕೈ, ಚಿಲ್ಲರೆ, ಕರವಸ್ತ್ರ ಯಾವುದೂ ಇರಬಾರದು. ಬಟ್ಟೆಯ ನೂಲುಪುಡಿ ನಳಿಗೆಯಲ್ಲೂ ಹ್ಯಾಮರಿನ ಸಂದಿಯಲ್ಲೂ ಸೇರುತ್ತದೆ, ವಾರಕ್ಕೊಮ್ಮೆ ಖಾಲಿ ಮಾಡಿ ಒರೆಸಿ. ಫ್ರೇಮು ತುಕ್ಕು ಹಿಡಿಯದಿದ್ದರೂ ಬೆವರಿಗೆ ಉಕ್ಕಿನ ತಿರುಪುಗಳು ಹಿಡಿಯುತ್ತವೆ. ಹಾರಿಸುವಾಗ ಎರಡನೇ ಕೈಯ ಬೆರಳು ಸಿಲಿಂಡರಿನ ಮುಂದಕ್ಕೆ ಚಾಚದಿರಲಿ. ಸಿಲಿಂಡರಿಗೂ ನಳಿಗೆಗೂ ನಡುವಿನ ಸಂದಿನಿಂದ ಬಿಸಿ ಅನಿಲ ಚಿಮ್ಮುತ್ತದೆ, ಪುಟ್ಟ ಗನ್ನಿನಲ್ಲಿ ಬೆರಳು ತಿಳಿಯದೆಯೇ ಅಲ್ಲಿಗೆ ಹೋಗುತ್ತದೆ. ಖಾಲಿ ಕೇಸು ಹೊರಹಾಕುವ ಕಡ್ಡಿಯೂ ಇವುಗಳಲ್ಲಿ ಗಿಡ್ಡ, ಕೇಸನ್ನು ಪೂರ್ತಿ ತಳ್ಳುವುದಿಲ್ಲ. ಮೂತಿಯನ್ನು ನೇರ ಮೇಲಕ್ಕೆ ಮಾಡಿ ಅಂಗೈಯಿಂದ ಒಂದೇ ಏಟಿಗೆ ಗುದ್ದಬೇಕು. ಮೆಲ್ಲಗೆ ಒತ್ತಿದರೆ ಒಂದು ಕೇಸು ನಕ್ಷತ್ರದಾಕಾರದ ತಟ್ಟೆಯ ಅಡಿಗೆ ಜಾರಿ ಕೂರುತ್ತದೆ, ಅದನ್ನು ಬಿಡಿಸುವಷ್ಟರಲ್ಲಿ ಸಾಕುಬೇಕಾಗುತ್ತದೆ.

ಅಭ್ಯಾಸಕ್ಕೆ ನಿಮ್ಮ ಹಳೆಯ ರಿವಾಲ್ವರೇ ಬೇಕು, ಅದನ್ನು ಮಾರಬೇಡಿ. ಟ್ರಿಗರನ್ನು ಒಂದೇ ಹದದಲ್ಲಿ ಕೊನೆಯವರೆಗೆ ಎಳೆಯುವುದು, ಮುಂದಿನ ಸೈಟಿನಿಂದ ಕಣ್ಣು ತೆಗೆಯದಿರುವುದು, ಇವನ್ನು ಕೈ ಕಲಿಯುವುದು ನೋವಿಲ್ಲದ ಗನ್ನಿನಲ್ಲಿ. ಹಗುರದ್ದನ್ನು ಪ್ರತಿ ಸಲ ಹತ್ತಿಪ್ಪತ್ತು ಗುಂಡಿಗೆ ನಿಲ್ಲಿಸಿ, ದೂರ ಐದಾರು ಮೀಟರ್ ಸಾಕು. ನೋವು ಶುರುವಾದ ಮೇಲೆ ಹಾರಿಸಿದ ಒಂದೊಂದು ಗುಂಡೂ ಬೆದರುವುದನ್ನೇ ಕಲಿಸುತ್ತದೆ. ಬೆದರುತ್ತೀರೋ ಇಲ್ಲವೋ ತಿಳಿಯಬೇಕೆಂದರೆ ಮೂರು ಹೊಸ ತೋಟಾ, ಎರಡು ಹಾರಿದ ಖಾಲಿ ಕೇಸು ತುಂಬಿ, ಸಿಲಿಂಡರನ್ನು ತಿರುಗಿಸಿ, ನೋಡದೆ ಮುಚ್ಚಿ. ಖಾಲಿ ಕೇಸಿನ ಮೇಲೆ ಹ್ಯಾಮರ್ ಬಿದ್ದಾಗ ಮೂತಿ ಕೆಳಕ್ಕೆ ಕುಸಿದರೆ, ಗುಂಡು ಹಾರುವ ಮುಂಚೆಯೇ ಕೈ ಒದೆತಕ್ಕೆ ಅಂಜಿ ತಳ್ಳುತ್ತಿದೆ ಎಂದರ್ಥ. ಹೀಗಾದರೆ ಆ ದಿನ ಉಕ್ಕಿನದಕ್ಕೆ ವಾಪಸಾಗಿ. ಕಿವಿಗೆ ರಕ್ಷಣೆ ಇಲ್ಲದೆ ಒಂದು ಗುಂಡನ್ನೂ ಹಾರಿಸಬೇಡಿ. ಗಿಡ್ಡ ನಳಿಗೆಯ ಸದ್ದು 150 ಡೆಸಿಬೆಲ್ ದಾಟುತ್ತದೆ, ಅರವತ್ತರ ಮೇಲೆ ಕಳೆದುಕೊಂಡ ಕಿವಿ ಮತ್ತೆ ಸಿಗುವುದಿಲ್ಲ.

ನಿಮ್ಮ ಮನೆಯವರ ವಿಷಯ. ಮೊದಲು ಕಾನೂನು ವಿಚಾರಿಸಿ. ಪರವಾನಗಿ ನಿಮ್ಮೊಬ್ಬರ ಹೆಸರಿನಲ್ಲಿದ್ದರೆ ಅವರು ಆ ರಿವಾಲ್ವರನ್ನು ಬಳಸುವುದೇ ಅಪರಾಧವಾಗಬಹುದು, ಜೇಬಿನಲ್ಲಿಟ್ಟು ಓಡಾಡಲು ನಿಮಗೇ ಬೇರೆ ಅನುಮತಿ ಬೇಕಾಗಬಹುದು. ಅದು ಸರಿಯಾದ ಮೇಲೆ ಅವರನ್ನು ರೇಂಜಿಗೆ ಕರೆದುಕೊಂಡು ಹೋಗಿ. ಹೆಂಗಸರಿಗೆ ಪುಟ್ಟದು ಸರಿ ಎಂದು ಅಂಗಡಿಯವರು ಹೇಳುವ ಮಾತು ನನಗೆ ಸಿಟ್ಟು ತರಿಸುತ್ತದೆ. ಹಾರಿಸಲು ಅತಿ ಕಷ್ಟವಾದ ಗನ್ನನ್ನು, ಒಮ್ಮೆಯೂ ಹಾರಿಸದವರ ಕೈಗೆ, ಚಿಕ್ಕದಾಗಿದೆ ಎಂಬ ಒಂದೇ ಕಾರಣಕ್ಕೆ ಕೊಡುತ್ತಾರೆ. ಮೊದಲ ಗುಂಡೇ ಅಂಗೈಯನ್ನು ಗುದ್ದಿದರೆ ಅವರು ಮತ್ತೆ ಮುಟ್ಟುವುದಿಲ್ಲ. ನಿಮ್ಮ ನಾಲ್ಕು ಅಂಗುಲದ್ದರಿಂದಲೇ, ವಾಡ್‌ಕಟರ್ ತೋಟಾದಲ್ಲಿ ಶುರುಮಾಡಿಸಿ. ಖಾಲಿ ರಿವಾಲ್ವರಿನಲ್ಲಿ, ಸುರಕ್ಷಿತ ದಿಕ್ಕಿಗೆ ಹಿಡಿದು, ಎರಡರ ಟ್ರಿಗರನ್ನೂ ಐದೈದು ಸಲ ಎಳೆದು ನೋಡಲಿ. ಹಗುರದ್ದು ಅವರಿಂದ ಆಗದಿದ್ದರೆ ಮನೆಗೆ ಉಕ್ಕಿನದು ಇರಲಿ, ಹಗುರದ್ದು ನಿಮ್ಮೊಬ್ಬರಿಗೆ.

ಮನೆಗೆ ಮೊಮ್ಮಕ್ಕಳು ಬರುತ್ತಿದ್ದರೆ, ಟ್ರಿಗರ್ ಬಿಗಿ ಇರುವುದರಿಂದ ಮಕ್ಕಳಿಂದ ಆಗದು ಎಂದು ನಂಬಿಕೊಳ್ಳಬೇಡಿ. ಪುಟ್ಟ ಮಕ್ಕಳು ಗನ್ನನ್ನು ತಮ್ಮ ಕಡೆಗೇ ತಿರುಗಿಸಿಕೊಂಡು ಎರಡೂ ಹೆಬ್ಬೆರಳಿನಿಂದ ಟ್ರಿಗರ್ ಒತ್ತುತ್ತಾರೆ, ಎರಡು ಹೆಬ್ಬೆರಳಿಗೆ ಆ ಬಲ ಇರುತ್ತದೆ. ಜೇಬಿನಿಂದ ತೆಗೆದ ತಕ್ಷಣ ಅದು ಬೀಗದ ಪೆಟ್ಟಿಗೆಯೊಳಗೆ ಹೋಗಬೇಕು. ಕಳಚಿಟ್ಟ ಪ್ಯಾಂಟಿನ ಜೇಬಿನಲ್ಲಿ ಒಂದು ಕ್ಷಣವೂ ಉಳಿಯಬಾರದು.