ಪ್ರತಿಕ್ರಿಯೆ: ನವೋದಯ ತಯಾರಿಗೆ ಎರಡನೆಯ ಕೋಚಿಂಗ್ ಬೇಕೇ?

ಕೇಂದ್ರ ಸರ್ಕಾರದ ವಸತಿ ಶಾಲೆಯಾದ ನವೋದಯದ ಪ್ರವೇಶ ಪರೀಕ್ಷೆಗೆ ತಯಾರಾಗುತ್ತಿರುವ ನಿಮ್ಮ ಮಗಳ ಅಂಕಗಳು ಎರಡು ತಿಂಗಳಿಂದ ಇಳಿಯುತ್ತಿವೆ, ಎರಡನೆಯ ಕೋಚಿಂಗ್ ಸೇರಿಸಬೇಕೇ ಎಂದು ಕೇಳಿದ್ದೀರಿ. ಇದಕ್ಕೆ ಅಭ್ಯಾಸದ ಕೊರತೆಗಿಂತ ದಣಿವೇ ಕಾರಣವಿರಬಹುದು. ಹಾವೇರಿಯಲ್ಲಿ ಶಾಲೆ ಮುಗಿಸಿ ಸಂಜೆ ಮೂರು ತಾಸು ಕೋಚಿಂಗ್‌ನಲ್ಲಿ ಕೂತು, ರಾತ್ರಿ ಪಾಲಕರ ವಾಟ್ಸ್‌ಆ್ಯಪ್ ಗುಂಪಿನಲ್ಲಿ ತನ್ನ ರ‍್ಯಾಂಕ್ ಕಾಣುವ ಐದನೆಯ ತರಗತಿಯ ಮಗುವಿಗೆ ಇನ್ನೊಂದು ಕೋಚಿಂಗ್ ಸೇರಿಸಬಾರದು ಎಂಬುದು ನನ್ನ ಅಭಿಪ್ರಾಯ. ಮಗುವನ್ನು ನೋಡದೆ ಖಚಿತವಾಗಿ ಹೇಳಲಾಗದು, ಆದರೆ ನಮ್ಮ ಮನೆಯಲ್ಲಿ ಆದದ್ದು ಇದೇ.

ಮೊದಲು ಆ ಗುಂಪಿನಿಂದ ಹೊರಬನ್ನಿ. ಬಳಿಕ ಕೊನೆಯ ನಾಲ್ಕು ಅಭ್ಯಾಸ ಪತ್ರಿಕೆಗಳನ್ನು ಹರಡಿಕೊಂಡು ಅಂಕ ಹೋದದ್ದೆಲ್ಲಿ ಎಂದು ಗುರುತಿಸಿ: ಆರನೆಯ ತರಗತಿಯ ಪ್ರವೇಶ ಪರೀಕ್ಷೆಯ 100 ಅಂಕಗಳಲ್ಲಿ 50 ಮಾನಸಿಕ ಸಾಮರ್ಥ್ಯಕ್ಕೆ, ಅಂಕಗಣಿತ ಮತ್ತು ಭಾಷೆಗೆ ತಲಾ 25. ಭಾಷೆಯಲ್ಲಿ ಹೋಗಿದ್ದರೆ ದಿನಕ್ಕೆ ಒಂದು ಪುಟ ಕನ್ನಡ ಓದಿಸಿ, ಓದಿದ್ದನ್ನು ಅವಳ ಮಾತಿನಲ್ಲೇ ಹೇಳಿಸಿ. ಕೋಚಿಂಗ್‌ನವರ ಗೈಡಿಗಿಂತ ಇದು ಮೇಲು. ಕೊನೆಯ ಪ್ರಶ್ನೆಗಳು ಖಾಲಿ ಉಳಿದಿದ್ದರೆ ತೊಡಕು ವೇಗದ್ದು. 80 ಪ್ರಶ್ನೆಗಳಿಗೆ ಎರಡು ತಾಸು ಇದ್ದು, ತಪ್ಪು ಉತ್ತರಕ್ಕೆ ಅಂಕ ಕಡಿತವಿಲ್ಲದ ಕಾರಣ ಯಾವುದನ್ನೂ ಬಿಡದಂತೆ ಹೇಳಿಕೊಡಿ. ವಾರಕ್ಕೆ ಒಂದೇ ಪೂರ್ಣ ಪತ್ರಿಕೆ ಸಾಕು.

ಈ ಪರೀಕ್ಷೆಯನ್ನು ಒಮ್ಮೆ ಮಾತ್ರ ಬರೆಯಬಹುದೆಂಬ ಭಯವೂ ಅವಳ ಮೇಲಿರಬಹುದು. ಕನಿಷ್ಠ ಶೇ. 75 ಸೀಟುಗಳು ಗ್ರಾಮೀಣ ಮಕ್ಕಳಿಗೆ ಮೀಸಲಾಗಿರುವುದರಿಂದ, ಪಟ್ಟಣದ ಶಾಲೆಯಲ್ಲಿ ಓದುವವರಿಗೆ ಉಳಿಯುವುದು ಸ್ವಲ್ಪವೇ. ಇದರಲ್ಲಿ ಅವಳ ತಪ್ಪೇನೂ ಇಲ್ಲ. ಆದ್ದರಿಂದ ಆದರ್ಶ ವಿದ್ಯಾಲಯಕ್ಕೂ ಮೊರಾರ್ಜಿ ದೇಸಾಯಿ ವಸತಿ ಶಾಲೆಗೂ ಅರ್ಜಿ ಹಾಕಿ, ಹಾಕಿದ್ದನ್ನು ಅವಳಿಗೆ ತಿಳಿಸಿ. ಮೂರು ವಾರಗಳ ನಂತರವೂ ನಿದ್ದೆ, ಊಟ ಸರಿಹೋಗದಿದ್ದರೆ ಈಗಿರುವ ಕೋಚಿಂಗನ್ನೂ ನಿಲ್ಲಿಸಿ.