ಚಿಕ್ಕ ವಯಸ್ಸಿನ ಸಾವಿನ ಬಗ್ಗೆ ಕ್ರೈಸ್ತ ನಂಬಿಕೆ ಏನು? ಆ ಮನೆಗೆ ಹೋದಾಗ ಏನು ಹೇಳಬೇಕು?

ಅಕಾಲ ಮರಣ ಪಾಪದ ಶಿಕ್ಷೆ ಎಂಬ ಮಾತನ್ನು ಯೇಸುವೇ ತಳ್ಳಿಹಾಕಿದ್ದಾರೆ. ಸಿಲೋವದ ಬುರುಜು ಬಿದ್ದು ಸತ್ತ 18 ಮಂದಿ ಜೆರುಸಲೇಮಿನ ಉಳಿದವರಿಗಿಂತ ದೊಡ್ಡ ಅಪರಾಧಿಗಳಲ್ಲ ಎಂದರು (ಲೂಕ 13:4-5). ತೀರಿಕೊಂಡ ಗೆಳೆಯ ಲಾಜರನನ್ನು ಮತ್ತೆ ಬದುಕಿಸಿ ಎಬ್ಬಿಸಲಿದ್ದರೂ ಯೇಸು ಅವನ ಸಮಾಧಿಗೆ ಹೋಗುವ ಮುನ್ನ ಅತ್ತರು. ಆದ್ದರಿಂದ ಅಳುವುದು ವಿಶ್ವಾಸದ ಕೊರತೆಯಲ್ಲ. ಯೇಸುವಿನ ಪ್ರೇಷಿತ ಪೌಲನೂ ದುಃಖಿಸಲೇಬೇಡಿ ಎನ್ನಲಿಲ್ಲ, ನಿರೀಕ್ಷೆ ಇಲ್ಲದವರಂತೆ ದುಃಖಿಸಬೇಡಿ ಎಂದ (1 ಥೆಸಲೋನಿಕ 4:13). ಆ ನಿರೀಕ್ಷೆ ಪುನರುತ್ಥಾನದ್ದು, ಅಂದರೆ ಸತ್ತವರು ಮತ್ತೆ ಜೀವಂತವಾಗಿ ಏಳುವರು ಎಂಬುದು. ದೀಕ್ಷಾಸ್ನಾನವಾಗದೆ ತೀರಿಕೊಂಡ ಮಗುವನ್ನು ಕಥೋಲಿಕ ಸಭೆ ದೇವರ ಕರುಣೆಗೆ ಒಪ್ಪಿಸುತ್ತದೆ. ಹಾಗಾಗಿ ಮಗುವಿನ ಗತಿಯ ಬಗ್ಗೆ ತಾಯಿಯನ್ನು ಹೆದರಿಸುವ ಮಾತು ಯಾರೂ ಆಡಕೂಡದು.

'ಯಾಕೆ ಹೀಗಾಯಿತು' ಎಂಬುದಕ್ಕೆ, ಮಕ್ಕಳನ್ನೆಲ್ಲ ಕಳೆದುಕೊಂಡ ಬೈಬಲ್ಲಿನ ಯೋಬನಿಗೂ ಕಾರಣ ಸಿಗಲಿಲ್ಲ. ಅವನ ಗೆಳೆಯರು 7 ಹಗಲು 7 ರಾತ್ರಿ ನೆಲದ ಮೇಲೆ ಸುಮ್ಮನೆ ಜೊತೆಗೆ ಕೂತಿದ್ದರು. ಅದೇ ಅವರು ಮಾಡಿದ ಒಳ್ಳೆಯ ಕೆಲಸ. ಬಾಯಿ ತೆರೆದು ಕಾರಣ ವಿವರಿಸತೊಡಗಿದ್ದೇ ಕೆಟ್ಟಿತು, ಕೊನೆಗೆ ದೇವರೇ ಅವರನ್ನು ಗದರಿಸಿದರು (ಯೋಬ 42:7).

ಹಾಗಾಗಿ 'ದೇವರಿಗೆ ಬೇಕಾಗಿತ್ತು, ಕರೆದುಕೊಂಡ', 'ಇನ್ನೊಂದು ಮಗು ಆಗುತ್ತೆ ಬಿಡಿ' ಎನ್ನಲೇಬೇಡಿ. ಮೊದಲನೆಯದನ್ನು ಕೇಳಿದ ತಂದೆಗೆ ದೇವರು ಕಳ್ಳನಂತೆ ಕಾಣುತ್ತಾನೆ. 'ತುಂಬಾ ಸಂಕಟವಾಗ್ತಿದೆ' ಎಂದಷ್ಟೇ ಹೇಳಿ, ತೀರಿಕೊಂಡವರ ಹೆಸರು ಹಿಡಿದು ಮಾತಾಡಿ. ಪ್ರಾರ್ಥನೆಗೆ ಮೊದಲು ಒಪ್ಪಿಗೆ ಕೇಳಿ, ಚಿಕ್ಕದಾಗಿ ಮುಗಿಸಿ. ಓದಲು ಬೈಬಲ್ಲಿನ ಕೀರ್ತನೆ 13 ಸಾಕು, ಆರೇ ವಚನ, ಅರ್ಧಕ್ಕೂ ಹೆಚ್ಚು ಗೋಳು. 'ಏನಾದರೂ ಬೇಕಾದರೆ ಹೇಳಿ' ಎಂದರೆ ಯಾರೂ ಕೇಳುವುದಿಲ್ಲ. ಗುರುವಾರದ ಊಟ ನಮ್ಮದು ಎಂದು ದಿನ ಹೇಳಿಯೇ ತಂದುಕೊಡಿ. ತಿಂಗಳ ನಂತರ ಜನ ಬರುವುದು ನಿಲ್ಲುತ್ತದೆ. ಆಗ, ಹುಟ್ಟುಹಬ್ಬದಂದು, ಮೊದಲ ಕ್ರಿಸ್ಮಸ್‌ಗೆ ತಪ್ಪದೆ ಹೋಗಿ.